ಜೂನ್ ಪೆಟ್ರೋಲ್ ಅಕ್ಟೋಬರಿಗೆ ನಡೆಯುತ್ತಾ? ಮೂರು ಥರ ಇಟ್ಟು ನೋಡಿದೆ

ನಮ್ಮ ಕೊಡಗಿನ ಭಾಗಮಂಡಲದಲ್ಲಿ ನದಿಗಳ ಸಂಗಮ ತುಂಬಿತು ಅಂದರೆ ನಾಪೋಕ್ಲು ಕಡೆ ರಸ್ತೆ ನೀರಿನಡಿ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಸಂಪಾಜೆ ರಸ್ತೆಯೇ ಬಂದ್ ಆದ ಮೇಲಂತೂ, ಮಳೆಗಾಲಕ್ಕೆ ಅಕ್ಕಿ, ಸೌದೆಯ ಜೊತೆ ಜನರೇಟರಿಗೆ ಪೆಟ್ರೋಲನ್ನೂ ಕೂಡಿಡುವುದು ನಮ್ಮ ಮನೆಯ ರೂಢಿ. ಮಳೆ ನಿಲ್ಲುವ ಹೊತ್ತಿಗೆ ಅದರಲ್ಲಿ ಅರ್ಧ ಉಳಿದಿರುತ್ತದೆ, ತೋಟದಲ್ಲಿ ಕಳೆ ಸೊಂಟಕ್ಕೆ ಬಂದಿರುತ್ತದೆ. ಇದನ್ನೇ ವೀಡ್ ಕಟರಿಗೆ ಹಾಕಿ ಮುಗಿಸೋಣ ಅನ್ನಿಸುತ್ತದೆ. ಒಮ್ಮೆ ಹಾಗೆ ಮಾಡಿ ಪೇಚಿಗೆ ಸಿಕ್ಕಿದ್ದೆ. ಅದಕ್ಕೇ ಕಳೆದ ಮಳೆಗಾಲದಲ್ಲಿ ಒಂದೇ ಬಂಕಿನಿಂದ ಒಂದೇ ದಿನ ತಂದ ಪೆಟ್ರೋಲನ್ನು ಬೇಕೆಂದೇ ಮೂರು ಥರ ಇಟ್ಟೆ. ಜೂನ್ ಮೊದಲ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ.

ಒಂದು, ಐದು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನು. ಅರ್ಧ ತುಂಬಿದ್ದು, ಮುಚ್ಚಳ ಸಡಿಲ, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಶೆಡ್ಡಿನ ಮೂಲೆಯಲ್ಲಿ. ಎರಡು, ರಬ್ಬರ್ ವಾಷರ್ ಇರುವ ಕಬ್ಬಿಣದ ಜೆರಿಕ್ಯಾನು, ಮೇಲೆ ಎರಡು ಬೆರಳು ಬಿಟ್ಟು ತುಂಬಿದ್ದು. ಮೂರು, 2ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಬೆರೆಸುವ ಎಣ್ಣೆ) ಬೆರೆಸಿ ಹಳೇ ಕಟರಿನ ಟ್ಯಾಂಕಿನಲ್ಲೇ ಬಿಟ್ಟದ್ದು.

ಅಕ್ಟೋಬರಿನಲ್ಲಿ ಮೊದಲೆರಡನ್ನು ಗಾಜಿನ ಬಾಟಲಿಗೆ ಬಗ್ಗಿಸಿ ಬೆಳಕಿಗೆ ಹಿಡಿದೆ. ಜೆರಿಕ್ಯಾನಿನದು ತಂದ ದಿನದ ಹಾಗೇ ಇತ್ತು. ಪ್ಲಾಸ್ಟಿಕ್ ಕ್ಯಾನಿನದು ಹಾಲಿಲ್ಲದ ಟೀ ಬಣ್ಣ, ಮೂಗಿಗೆ ಹತ್ತುವ ಪೆಟ್ರೋಲ್ ವಾಸನೆ ಹೋಗಿ ಹಳೇ ವಾರ್ನಿಷ್ ಡಬ್ಬಿಯ ವಾಸನೆ. ತಳದಲ್ಲಿ ಅರ್ಧ ಬೆರಳಿನಷ್ಟು ಮಸುಕಾದ ಪದರ ಬೇರೆಯೇ ನಿಂತಿತ್ತು. ಶೆಡ್ಡಿನ ಮಾಡಿನ ಶೀಟಿನಿಂದ ಸೋರಿದ ಮಳೆನೀರು ಸಡಿಲ ಮುಚ್ಚಳದೊಳಗೆ ಇಳಿದಿತ್ತು ಅಂತ ಕಾಣುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರುತ್ತದೆ, ನೀರು ಅದರ ತಾಳಿಕೆ ಮೀರಿದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಕಟರಿನ ಪೈಪು ಎಳೆಯುವುದೂ ತಳದಿಂದಲೇ. ಆ ಪದರದಲ್ಲಿ 2ಟಿ ಆಯಿಲ್ ನಿಲ್ಲುವುದಿಲ್ಲ. ಅದನ್ನು ಕುಡಿದ ಟೂ ಸ್ಟ್ರೋಕ್ ಎಂಜಿನ್ ಎಣ್ಣೆಯಿಲ್ಲದೆ ತಿರುಗಿ ಜಾಮ್ ಆಗುತ್ತದೆ.

ಆದರೂ ನೋಡೇ ಬಿಡೋಣ ಅಂತ ಮೇಲಿನದನ್ನು ಮಾತ್ರ ಮೆಲ್ಲಗೆ ಬಗ್ಗಿಸಿ, ಆಯಿಲ್ ಬೆರೆಸಿ ಇನ್ನೊಂದು ಕಟರಿಗೆ ಹಾಕಿದೆ. ಹಗ್ಗ ಎಳೆದು ಎಳೆದು ಭುಜ ಬಿತ್ತು. ಕಳೆ ಹೊಡೆಯಲು ಬಂದ ಹುಡುಗ ಮೂಸಿ ನೋಡಿ, "ಅಣ್ಣ, ಇದು ಪೆಟ್ರೋಲಾ ಸೀಮೆಎಣ್ಣೆಯಾ?" ಅಂದ. ಅವನು ಅಂದದ್ದರಲ್ಲಿ ತಪ್ಪಿಲ್ಲ. ಬೇಗ ಹೊತ್ತಿಕೊಳ್ಳುವ ಹಗುರ ಅಂಶ ಮೊದಲು ಆವಿಯಾಗುತ್ತದೆ, ಉಳಿಯುವುದು ಭಾರದ್ದು. ಹೇಗೋ ಸ್ಟಾರ್ಟ್ ಆಯಿತು, ಆಕ್ಸಿಲರೇಟರ್ ಕೊಟ್ಟ ಕೂಡಲೇ ಕೆಮ್ಮಿ ನಿಂತಿತು.

ಜೆರಿಕ್ಯಾನಿನದು ಮೂರನೇ ಎಳೆತಕ್ಕೆ ಹಿಡಿಯಿತು. ಸಂಜೆವರೆಗೆ ಓಡಿತು, ಅಷ್ಟೇ, ಹೇಳಲು ಬೇರೇನೂ ಇಲ್ಲ. ಉಳಿದದ್ದನ್ನು ಒಂದು ಪಾಲಿಗೆ ನಾಲ್ಕು ಪಾಲು ಹೊಸದು ಸೇರಿಸಿ ಹಳೇ ಓಮ್ನಿಗೆ ಹಾಕಿ ಮುಗಿಸಿದೆ.

ಮೂರನೆಯದು ನನಗೆ ಪಾಠ ಕಲಿಸಿದ್ದು. ಎರಡು ಲೋಟದಷ್ಟಿದ್ದ ಪೆಟ್ರೋಲ್ ಕೆಟ್ಟದ್ದಕ್ಕಿಂತ ಮಿಷನ್ನೇ ಕೆಟ್ಟಿತ್ತು. ಒತ್ತಿ ಪೆಟ್ರೋಲ್ ಎಳೆಸುವ ರಬ್ಬರ್ ಗುಬ್ಬಿ ಗಟ್ಟಿಯಾಗಿ ಸೀಳಿತ್ತು. ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿ ತೋರಿಸಿದ: ಉಗುರಿನಷ್ಟಿರುವ ಜಾಲರಿಯ ಮೇಲೆ ಬೆಲ್ಲದ ಪಾಕ ಆರಿದ ಹಾಗೆ ಕಂದು ಅಂಟು, ಪೆಟ್ರೋಲ್ ಎಳೆಯುವ ತೆಳ್ಳಗಿನ ಪೊರೆ, ಡಯಾಫ್ರಾಮ್, ಒಣಗಿದ ಎಲೆಯ ಹಾಗೆ ಸೆಟೆದಿತ್ತು. ಗಾಳಿ ತಾಗಿದ ಪೆಟ್ರೋಲ್ ಕೊನೆಗೆ ಆಗುವುದು ಆ ಅಂಟೇ. ಕಾರಿಗಾದರೆ ಸ್ವಲ್ಪ ಹಳೇದು ಹೊಸದರಲ್ಲಿ ಕಲೆತು ಹೋಗುತ್ತದೆ, ಕೂದಲೆಳೆಯ ತೂತಿನ ಈ ಸಣ್ಣ ಮಿಷನ್ನು ಕ್ಷಮಿಸುವುದಿಲ್ಲ. ಈ ವರ್ಷ ಮಳೆಗೆ ಮೊದಲೇ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಟ್ಟಿದ್ದೇನೆ. ಆಯಿಲ್ ಬೆರೆಸುವುದು ಆ ದಿನಕ್ಕೆ ಬೇಕಾದಷ್ಟು ಮಾತ್ರ. ಪೆಟ್ರೋಲ್ ಬೇಗ ಕೆಡದಂತೆ ಬೆರೆಸಲು ಆನ್‌ಲೈನಲ್ಲಿ ಸಿಗುವ ಸ್ಟೆಬಿಲೈಸರ್ ದ್ರವ ಹೊಸ ಪೆಟ್ರೋಲಿಗೆ ಮೊದಲ ದಿನವೇ ಹಾಕಬೇಕಾದದ್ದು; ಕೆಟ್ಟದ್ದನ್ನು ಅದು ಬದುಕಿಸುವುದಿಲ್ಲ.

ಕ್ಯಾನಿನ ವಿಚಾರದಲ್ಲಿ ಕಾನೂನೂ ಜೆರಿಕ್ಯಾನಿನ ಕಡೆಗೇ ಇದೆ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ, ಮಾರಾಟಕ್ಕಲ್ಲದ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ 30 ಲೀಟರಿನವರೆಗೆ ಇಡಬಹುದು. ಲೋಹದ ಪಾತ್ರೆ ತಲಾ 25 ಲೀಟರ್ ಮೀರಬಾರದು, ಗಾಜಿನದಾದರೆ ಒಂದೇ ಲೀಟರ್. ಪ್ಲಾಸ್ಟಿಕ್ಕಿನ ಹೆಸರು ಅಲ್ಲಿಲ್ಲ.

ಇಷ್ಟೆಲ್ಲ ಆಗುವಾಗ ಅಮ್ಮ ಬಂದು, "ಹೇಗೂ ಕೆಟ್ಟಿದೆ ಅಂತೀಯಲ್ಲ, ಬಚ್ಚಲೊಲೆಗೆ ಸ್ವಲ್ಪ ಹಾಕ್ತೀನಿ, ಸೌದೆ ಒದ್ದೆಯಾಗಿದೆ" ಅಂದರು. ಎದೆ ಧಸಕ್ಕೆಂದಿತು. ಎಂಜಿನ್ನಿಗೆ ಕೆಟ್ಟದ್ದು ಬೆಂಕಿಗೆ ಕೆಟ್ಟದ್ದಲ್ಲ. ಅದರ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಒಲೆ ಹುಡುಕಿಕೊಂಡು ಹೋಗುತ್ತದೆ. ಅಮ್ಮನಿಗೆ ಒಣ ತೆಂಗಿನ ಗರಿ ತಂದುಕೊಟ್ಟೆ.

ಪ್ಲಾಸ್ಟಿಕ್ ಕ್ಯಾನಿನ ಆ ಎರಡು ಲೀಟರನ್ನು ಏನು ಮಾಡುವುದೋ ಇನ್ನೂ ಬಗೆಹರಿದಿಲ್ಲ. ಚರಂಡಿಗೆ ಸುರಿದರೆ ತೋಡಿಗೆ, ತೋಡಿನಿಂದ ಕಾವೇರಿಗೆ. ಗ್ಯಾರೇಜಿನವರು ಹಳೇ ಎಂಜಿನ್ ಆಯಿಲ್ ತಗೊಳ್ಳುತ್ತಾರೆ, ಇದು ಬೇಡ ಅಂದರು. ತಗಡಿನ ಡಬ್ಬಿಗೆ ಹಾಕಿ, ಮೇಲೆ ಕೆಂಪು ಪೇಂಟಿನಲ್ಲಿ "ಹಾಳು" ಅಂತ ಬರೆದು ಮನೆಯಿಂದ ದೂರ, ನೆರಳಲ್ಲಿ ಇಟ್ಟಿದ್ದೇನೆ.