ಸಿಆರ್‌ಎಂನಿಂದ ಅಕೌಂಟ್ಸ್‌ಗೆ: ನಾಲ್ಕು ದಾರಿಗಳನ್ನು ಬೇಕಂತಲೇ ಕೆಡಿಸಿ ನೋಡಿದೆ

ಸೇಲ್ಸ್‌ನವರಿಗೆ ಒಂದು ಸಿಆರ್‌ಎಂ (ಗ್ರಾಹಕರ, ಆರ್ಡರ್‌ಗಳ ವಿವರ ಇಡುವ ಸಾಫ್ಟ್‌ವೇರ್), ಸ್ಟಾಕ್‌ಗೆ ಇನ್ನೊಂದು ಸಾಫ್ಟ್‌ವೇರ್, ಲೆಕ್ಕಕ್ಕೆ ಮತ್ತೊಂದು. ಒಂದರಲ್ಲಿ ಇರುವುದು ಇನ್ನೊಂದಕ್ಕೆ ಗೊತ್ತಿರುವುದಿಲ್ಲ, ಹಾಗಾಗಿ ಒಂದೇ ಆರ್ಡರನ್ನು ಮೂರು ಜನ ಮೂರು ಸಲ ಟೈಪ್ ಮಾಡುತ್ತಾರೆ. ಇದನ್ನು ತಪ್ಪಿಸಲು ನಾಲ್ಕು ದಾರಿಗಳಿಗೂ ಒಂದೇ ಕೆಲಸ ಕೊಟ್ಟು ನೋಡಿದೆ: ಸಿಆರ್‌ಎಂನಲ್ಲಿ ಆರ್ಡರ್ ಪಕ್ಕಾ ಆದರೆ ಅಕೌಂಟ್ಸ್‌ನಲ್ಲಿ ಇನ್‌ವಾಯ್ಸ್ ಆಗಬೇಕು. ಎಲ್ಲ ಸರಿ ಇದ್ದಾಗ ನಾಲ್ಕೂ ಚೆನ್ನಾಗೇ ಓಡುತ್ತವೆ, ಅದರಿಂದ ಏನೂ ತಿಳಿಯುವುದಿಲ್ಲ. ಅದಕ್ಕೇ ಟೆಸ್ಟ್ ಕಾಪಿ ಇಟ್ಟುಕೊಂಡು, ಆರ್ಡರ್‌ಗಳು ಹೋಗುತ್ತಿರುವಾಗಲೇ ಅಕೌಂಟಿಂಗ್ ಸರ್ವರ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ, ಯಾವುದು ಕಳೆದುಹೋಯಿತು, ಯಾವುದು ಎರಡೆರಡು ಆಯಿತು ಅಂತ ಎಣಿಸಿದೆ.

ಮೊದಲನೆಯದು ಹಳೇ ದಾರಿ: ರಾತ್ರಿ ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿ) ತೆಗೆದು ಎಸ್‌ಎಫ್‌ಟಿಪಿಯಲ್ಲಿ, ಅಂದರೆ ಫೈಲ್‌ಗಳನ್ನು ಸುರಕ್ಷಿತವಾಗಿ ಸಾಗಿಸುವ ವಿಧಾನದಲ್ಲಿ, ಕಳಿಸುವುದು. ಇದನ್ನು ಕೀಳಾಗಿ ಕಾಣುವವರು ಜಾಸ್ತಿ. ಆದರೆ ಸರ್ವರ್ ಬಿದ್ದಾಗ ಫೈಲ್ ಅಲ್ಲೇ ಇತ್ತು, ಮತ್ತೆ ಹಾಕಿದರೆ ಮುಗಿಯಿತು. ಕಷ್ಟ ಬರುವುದು ಮಧ್ಯದಲ್ಲಿ ಯಾರಾದರೂ ಅದನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದಾಗ. ಕೋಡ್‌ನ ಮುಂದಿದ್ದ ಸೊನ್ನೆಗಳು ಹಾರಿಹೋಗುತ್ತವೆ, 15 ಅಂಕಿ ದಾಟಿದ ನಂಬರ್‌ಗಳ ಬಾಲವೆಲ್ಲ ಸೊನ್ನೆಯಾಗುತ್ತದೆ. ಮತ್ತೆ ಮಾಹಿತಿ ಒಂದು ದಿನ ಹಳೆಯದು. ಲೆಕ್ಕಕ್ಕೆ ಸಾಕು, ಸ್ಟಾಕ್‌ಗೆ ಸಾಲದು.

ಎರಡನೆಯದು, ಎಪಿಐಗೆ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡಲು ಇರುವ ಬಾಗಿಲು) ನೇರವಾಗಿ ಸ್ಕ್ರಿಪ್ಟ್, ಅಂದರೆ ಚಿಕ್ಕ ಪ್ರೋಗ್ರಾಂ, ಬರೆಯುವುದು. ವೇಗ ಅಂದರೆ ಇದೇ. ಆದರೆ ಪ್ರತಿಯೊಂದನ್ನೂ ಇನ್ನೊಂದಕ್ಕೆ ಕಟ್ಟುತ್ತಾ ಹೋದರೆ 5 ಸಿಸ್ಟಮ್‌ಗೆ 10 ಕೊಂಡಿ, 10ಕ್ಕೆ 45. ಸರ್ವರ್ ಆಫ್ ಆದಾಗ ಸ್ಕ್ರಿಪ್ಟ್ ಲಾಗ್‌ನಲ್ಲಿ ಎರರ್ ಬರೆದು ಮುಂದಿನ ಆರ್ಡರ್‌ಗೆ ಹೋಯಿತು, ಅಷ್ಟು ಹೊತ್ತಿನ ಆರ್ಡರ್‌ಗಳು ಸದ್ದಿಲ್ಲದೆ ಮಾಯ. ಸರಿ, ಮತ್ತೆ ಪ್ರಯತ್ನಿಸು ಅಂತ ಒಂದು ರಿಟ್ರೈ ಸೇರಿಸಿದೆ. ಆಗ ಇನ್ನೊಂದು ತಮಾಷೆಯಲ್ಲದ ವಿಷಯ ಕಾಣಿಸಿತು. ಅಕೌಂಟ್ಸ್ ಇನ್‌ವಾಯ್ಸ್ ಮಾಡಿ ಆಗಿದೆ, ಆದರೆ ಉತ್ತರ ಬರುವುದು ತಡವಾಯಿತು, ಸ್ಕ್ರಿಪ್ಟ್ ಉತ್ತರಕ್ಕೆ ಕಾಯುವ ಸಮಯ (ಟೈಮ್‌ಔಟ್) ಮುಗಿದಿದೆ, ಅದು ‘ಆಗಲಿಲ್ಲ’ ಅಂದುಕೊಂಡು ಮತ್ತೆ ಕಳಿಸಿದೆ, ಒಂದೇ ಆರ್ಡರ್‌ಗೆ ಎರಡು ಇನ್‌ವಾಯ್ಸ್. ಗ್ರಾಹಕರ ಕೈಗೆ ಹೋದರೆ ಎಷ್ಟು ಕಿರಿಕಿರಿ ಅಲ್ವಾ? ಇದಕ್ಕೆ ಮದ್ದು ಒಂದೇ. ಸಿಆರ್‌ಎಂನ ಆರ್ಡರ್ ನಂಬರನ್ನೇ ಗುರುತಾಗಿ ಜೊತೆಗೆ ಕಳಿಸಬೇಕು, ಆ ನಂಬರ್ ಈಗಾಗಲೇ ಇದ್ದರೆ ಅಕೌಂಟ್ಸ್ ಹೊಸದು ಮಾಡಬಾರದು. ನೀವು ಯಾವ ದಾರಿ ಹಿಡಿದರೂ ಇದು ಬೇಕೇ ಬೇಕು.

ಮೂರನೆಯದು ಜ್ಯಾಪಿಯರ್, ಎನ್‌ಎಯ್ಟ್‌ಎನ್ (n8n) ಥರದ, ಸಾಫ್ಟ್‌ವೇರ್‌ಗಳನ್ನು ಒಂದಕ್ಕೊಂದು ಜೋಡಿಸುವ ರೆಡಿಮೇಡ್ ಸಾಧನಗಳು. ಪರದೆಯ ಮೇಲೆ ಡಬ್ಬಿಗಳನ್ನು ಎಳೆದು ಜೋಡಿಸಿದರೆ ಸಾಕು. ನನಗೆ ಹಿಡಿಸಿದ್ದು ಅದಲ್ಲ. ಯಾವ ಆರ್ಡರ್, ಯಾವ ಹೆಜ್ಜೆಯಲ್ಲಿ, ಏಕೆ ನಿಂತಿತು ಅಂತ ಕೋಡ್ ಬಾರದವರಿಗೂ ಕಾಣುತ್ತದೆ, ಅಲ್ಲಿಂದಲೇ ಮತ್ತೆ ಓಡಿಸಬಹುದು. ದುಡ್ಡಿನ ಲೆಕ್ಕ ಮಾತ್ರ ಬೇರೆ ಬೇರೆ. ಜ್ಯಾಪಿಯರ್‌ನಲ್ಲಿ, ಓಟ ಶುರು ಮಾಡುವ ಹೆಜ್ಜೆ ಬಿಟ್ಟು, ಯಶಸ್ವಿಯಾದ ಒಂದೊಂದು ಹೆಜ್ಜೆಯೂ ಸಾಮಾನ್ಯವಾಗಿ ಒಂದು ಟಾಸ್ಕ್, ಎನ್‌ಎಯ್ಟ್‌ಎನ್ ಕ್ಲೌಡ್‌ನಲ್ಲಿ ಹೆಜ್ಜೆ ಎಷ್ಟೇ ಇರಲಿ ಇಡೀ ಓಟ ಸೇರಿ ಒಂದು. ಹೆಜ್ಜೆಗಳು ಜಾಸ್ತಿ ಇದ್ದರೆ ಈ ವ್ಯತ್ಯಾಸ ದೊಡ್ಡದು. ಎನ್‌ಎಯ್ಟ್‌ಎನ್ ಅನ್ನು ಸ್ವಂತ ಸರ್ವರ್‌ನಲ್ಲೂ ಇಟ್ಟುಕೊಳ್ಳಬಹುದು, ಆದರೆ ಆಗ ಬ್ಯಾಕಪ್ ನಿಮ್ಮ ತಲೆಮೇಲೆ. ಡೇಟಾಬೇಸ್ ಜೊತೆ ಎನ್‌ಕ್ರಿಪ್ಶನ್ ಕೀ ಕೂಡ ಎತ್ತಿಡಿ, ಅದು ಹೋದರೆ ಒಳಗಿಟ್ಟ ಪಾಸ್‌ವರ್ಡ್‌ಗಳು ಯಾವುದೂ ತೆರೆಯುವುದಿಲ್ಲ.

ಕೊನೆಯದು ಮೆಸೇಜ್ ಕ್ಯೂ, ಅಂದರೆ ಕಳಿಸಿದ್ದನ್ನು ಆ ಕಡೆಯವರು ತೆಗೆದುಕೊಳ್ಳುವವರೆಗೆ ಸಾಲಿನಲ್ಲಿ ಹಿಡಿದಿಟ್ಟುಕೊಳ್ಳುವ ಮಧ್ಯದ ಸಾಫ್ಟ್‌ವೇರ್. ನಾನು ಹಾಕಿದ್ದು ರ‍್ಯಾಬಿಟ್‌ಎಂಕ್ಯೂ. ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಓಪನ್ ಸೋರ್ಸ್ ಆದ ಕಾಫ್ಕಾ ಕೂಡ ಇಂಥ ಕೆಲಸಕ್ಕೆ ಬಳಕೆಯಲ್ಲಿದೆ, ಆದರೆ ಅದು ಮೂರು ಸಾಫ್ಟ್‌ವೇರ್ ಜೋಡಿಸುವುದಕ್ಕೆ ತೀರಾ ಹೆಚ್ಚಾಯಿತು. ಅಕೌಂಟ್ಸ್ ಆಫ್ ಆದಾಗ ಆರ್ಡರ್‌ಗಳು ಕ್ಯೂನಲ್ಲಿ ಸುಮ್ನೆ ಕಾಯುತ್ತಾ ನಿಂತವು, ಆನ್ ಆದ ಕೂಡಲೇ ಹರಿದುಬಂದವು, ಒಂದೂ ಕಳೆಯಲಿಲ್ಲ. ಆದರೆ ಕ್ಯೂ ಡ್ಯೂರಬಲ್ (ರೀಸ್ಟಾರ್ಟ್ ಆದರೂ ಉಳಿಯುವಂಥದ್ದು) ಆಗಿರಬೇಕು, ಮೆಸೇಜ್ ಪರ್ಸಿಸ್ಟೆಂಟ್ (ಡಿಸ್ಕ್‌ಗೆ ಬರೆದಿಡುವಂಥದ್ದು) ಆಗಿರಬೇಕು. ಒಂದನ್ನು ಬಿಟ್ಟರೂ ಕ್ಯೂನ ಸರ್ವರೇ ರೀಸ್ಟಾರ್ಟ್ ಆದಾಗ ಕಾಯುತ್ತಿದ್ದದ್ದೆಲ್ಲ ಹೋಗಬಹುದು. ಕೆಟ್ಟ ಡೇಟಾ ಇರುವ ಆರ್ಡರ್‌ಗಳು, ಹಾಗೆ ಹೊಂದಿಸಿದ್ದರೆ, ಡೆಡ್ ಲೆಟರ್ ಕ್ಯೂಗೆ (ತಿರಸ್ಕಾರವಾದವು ಸೇರುವ ಪ್ರತ್ಯೇಕ ಸಾಲು) ಹೋಗುತ್ತವೆ, ಅದನ್ನು ದಿನಾ ನೋಡುವವರು ಬೇಕು. ಯಾರೂ ಇಲ್ಲದಿದ್ದರೆ ಈ ದಾರಿ ಬೇಡ.

ಮೂರು ನಾಲ್ಕು ಸಿಸ್ಟಮ್ ಇರುವವರಿಗೆ ನಾನು ಮೂರನೆಯದನ್ನೇ ಹೇಳುತ್ತೇನೆ, ಆರ್ಡರ್ ನಂಬರಿನ ಗುರುತಿನ ಜೊತೆ. ಸಿಸ್ಟಮ್‌ಗಳು ಬೆಳೆಯುತ್ತಾ ಹೋಗಿ, ನೋಡಿಕೊಳ್ಳಲು ಒಬ್ಬರು ಖಾಯಂ ಸಿಕ್ಕರೆ ಆಗ ಕ್ಯೂ. ರಾತ್ರಿಯ ಸಿಎಸ್‌ವಿಯನ್ನೂ ತೆಗೆಯಬೇಡಿ, ಎರಡೂ ಕಡೆಯ ಆರ್ಡರ್ ಸಂಖ್ಯೆ ತಾಳೆ ನೋಡಲು ಅದಕ್ಕಿಂತ ಸುಲಭದ್ದು ನನಗೆ ಸಿಕ್ಕಿಲ್ಲ.