ನಾಲ್ಕು ಅರಮನೆ, ಒಂದೇ ಮಂಚ

‘ಆಪ್ತಮಿತ್ರ’ ದೊಡ್ಡದೋ ‘ಮಣಿಚಿತ್ರತಾಳು’ ದೊಡ್ಡದೋ ಅನ್ನುವ ವಾದ ಶುರುವಾದರೆ ವಿಮರ್ಶೆಗಳು ಹೆಚ್ಚಾಗಿ ಒಂದೇ ಸಾಲಿಗೆ ಬಂದು ನಿಲ್ಲುತ್ತವೆ: ಮೂಲವೇ ಮೂಲ, ಮಿಕ್ಕಿದ್ದೆಲ್ಲ ನಕಲು. ಸೋಮಾರಿ ತೀರ್ಪು ಅದು. ಫಾಜಿಲ್ ಅವರ ಮಲಯಾಳ ‘ಮಣಿಚಿತ್ರತಾಳು’ (1993), ಪಿ. ವಾಸು ಅವರ ‘ಆಪ್ತಮಿತ್ರ’ (2004) ಮತ್ತು ‘ಚಂದ್ರಮುಖಿ’ (2005), ಪ್ರಿಯದರ್ಶನ್ ಅವರ ಹಿಂದಿ ‘ಭೂಲ್ ಭುಲಯ್ಯಾ’ (2007), ಈ ನಾಲ್ಕನ್ನೂ ಒಂದರ ಬೆನ್ನಿಗೊಂದು ಹಾಕಿ, ಒಂದೇ ದೃಶ್ಯವನ್ನು ನಾಲ್ಕೂ ಕಡೆ ನಿಲ್ಲಿಸಿ ನೋಡಿ. ಒಂದೊಂದು ದೃಶ್ಯದಲ್ಲಿ ಒಬ್ಬೊಬ್ಬರು ಗೆಲ್ಲುತ್ತಾರೆ.

ನಾಲ್ಕರ ಕತೆಯೂ ಒಂದೇ, ಹೆಸರು ಮಾತ್ರ ಕೆಲವೆಡೆ ಬೇರೆ: ಹಳೆಯ ಅರಮನೆಗೆ ಬಂದ ಹೆಂಡತಿ ಗಂಗಾ ತಾನೇ ಸತ್ತ ನರ್ತಕಿ ನಾಗವಲ್ಲಿ ಎಂದು ಭ್ರಮಿಸುತ್ತಾಳೆ, ಮನೋರೋಗದ ಡಾಕ್ಟರ್ ಬಂದು ಬಿಡಿಸುತ್ತಾನೆ. ಮೊದಲು ಮಂಚದ ದೃಶ್ಯ. ಹೆಂಡತಿ ಹೊರಗೆ ಹೊರಟಿದ್ದಾಳೆ, ಗಂಡ ಬೇಡ ಅನ್ನುತ್ತಾನೆ. ಅಷ್ಟೇ ಸಾಕು, ಅವಳೊಳಗಿನ ಇನ್ನೊಬ್ಬಳು ಎದ್ದು ಮಂಚವನ್ನೇ ಎತ್ತುತ್ತಾಳೆ. ಹೆಸರು ಹಿಡಿದು ಕೂಗಿದೊಡನೆ ಏನೂ ಆಗಿಲ್ಲದವಳಂತೆ ವಾಪಸು. ಮಲಯಾಳದ ಶೋಭನಾ ಇಲ್ಲಿ ಮಾತನ್ನು ಮೊದಲು ಬದಲಿಸುತ್ತಾರೆ, ಮುಖವನ್ನು ಆಮೇಲೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಗುಟ್ಟು ಸಿಗುತ್ತದೆ: ಗಂಗಾಳ ದನಿ ಭಾಗ್ಯಲಕ್ಷ್ಮಿಯವರದು, ತಮಿಳು ನಾಗವಲ್ಲಿಯ ದನಿ ದುರ್ಗಾ ಅವರದು. ಒಂದೇ ಬಾಯಲ್ಲಿ ಎರಡು ಕಂಠ. ಹಾಗೆಂದು ಆ ವರ್ಷದ ರಾಷ್ಟ್ರಪ್ರಶಸ್ತಿ ಶೋಭನಾಗೆ ಹೆಚ್ಚಾಯಿತು ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಆ ಬೆರಳು, ಆ ಕುತ್ತಿಗೆಯ ಬಿಗಿತಕ್ಕೆ ಡಬ್ಬಿಂಗ್ ಇಲ್ಲವಲ್ಲ.

‘ಆಪ್ತಮಿತ್ರ’ದ ಸೌಂದರ್ಯಾ ಇದೇ ದೃಶ್ಯಕ್ಕೆ ಬೇರೆ ದಾರಿ ಹಿಡಿದರು. ಅಲ್ಲಿಯವರೆಗೆ ಗಂಗಾಳನ್ನು ತೀರಾ ಪಕ್ಕದ ಮನೆಯ ಹುಡುಗಿಯಾಗಿಯೇ ಇಟ್ಟಿದ್ದರಿಂದ ತಿರುವು ಬಂದಾಗ ನಿಜಕ್ಕೂ ಎದೆ ಧಸಕ್ ಅನ್ನುತ್ತದೆ. ‘ಚಂದ್ರಮುಖಿ’ಯ ಜ್ಯೋತಿಕಾ ಕಣ್ಣನ್ನೇ ನಂಬಿದ್ದಾರೆ. ಥಿಯೇಟರ್‌ನ ಪರದೆಗೆ ಸರಿ, ಮನೆಯ ಟಿವಿಯಲ್ಲಿ ಎರಡನೇ ಸಲ ನೋಡುವಾಗ ಸ್ವಲ್ಪ ಅತಿ. ಹಿಂದಿಯ ವಿದ್ಯಾ ಬಾಲನ್ ದನಿ ಏರಿಸುವುದಕ್ಕಿಂತ ಇಳಿಸಿದಾಗ ಹೆಚ್ಚು ಹೆದರಿಸುತ್ತಾರೆ. ನನ್ನ ಲೆಕ್ಕದಲ್ಲಿ ಇಲ್ಲಿ ಶೋಭನಾ ಮೊದಲು, ಸೌಂದರ್ಯಾ ಕೂದಲೆಳೆಯಷ್ಟು ಹಿಂದೆ.

ಡಾಕ್ಟರ್ ಯಾವಾಗ ಬರುತ್ತಾನೆ ಅನ್ನುವುದು ಎರಡನೆಯ ಅಳತೆ, ಮತ್ತು ರೀಮೇಕ್‌ಗಳು ಪೆಟ್ಟು ತಿನ್ನುವುದು ಇಲ್ಲೇ. ಮಲಯಾಳದಲ್ಲಿ ಮೋಹನ್‌ಲಾಲ್ ಕಾಲಿಡುವ ಹೊತ್ತಿಗೆ ಕತೆ ಸಾಕಷ್ಟು ದೂರ ಸಾಗಿರುತ್ತದೆ. ಅಷ್ಟರಲ್ಲಿ ಮನೆ, ಬೀಗ, ಬಂಧುಗಳ ಭಯ ಎಲ್ಲ ನಮ್ಮೊಳಗೆ ಇಳಿದಿರುತ್ತದೆ. ‘ಚಂದ್ರಮುಖಿ’ಯಲ್ಲಿ ರಜನಿ ಆರಂಭದಲ್ಲೇ ಹೊಡೆದಾಟ, ಹಾಡಿನೊಂದಿಗೆ ಇಳಿಯುತ್ತಾರೆ. ಕಾಪಾಡುವವನು ಮನೆಯಲ್ಲೇ ಇದ್ದಾನೆಂದು ಗೊತ್ತಾದ ಮೇಲೆ ಕತ್ತಲ ಕೋಣೆಗೆ ಹೆದರುವವರು ಯಾರು? ಆದರೆ ಅದೇ ‘ಚಂದ್ರಮುಖಿ’ ಚೆನ್ನೈನ ಶಾಂತಿ ಥಿಯೇಟರ್‌ನಲ್ಲಿ 800 ದಿನ ದಾಟಿ ಓಡಿತು. ಜನ ಹೋದದ್ದು ಹೆದರಿಕೊಳ್ಳಲಿಕ್ಕಲ್ಲ, ರಾಜನ ವೇಷದ ರಜನಿಯ ‘ಲಕಲಕಲಕ’ ಕೇಳಲಿಕ್ಕೆ. ವಿಷ್ಣುವರ್ಧನ್ ಅವರ ‘ಹೌಲಾ ಹೌಲಾ’ ಅದಕ್ಕೂ ಮುಂಚಿನದು. ರಾಜನ ಪಾತ್ರದಲ್ಲಿ ಅವರು ತೋರುವ ಮದ, ಲಂಪಟತನ ನನಗೆ ರಜನಿಯ ರಾಜ ವೇಟ್ಟೈಯನ್‌ಗಿಂತ ತೂಕದ್ದೆನಿಸುತ್ತದೆ. ವಿಷ್ಣು ದನಿಯನ್ನು ಎಳೆದು ನಿಲ್ಲಿಸುತ್ತಾರೆ, ರಜನಿ ಲಯ ಹಿಡಿದು ಓಡಿಸುತ್ತಾರೆ.

ರೋಗಿ ಯಾರು ಅನ್ನುವ ಗೊಂದಲವನ್ನು ಮಲಯಾಳ ಚಿತ್ರ ಅಚ್ಚುಕಟ್ಟಾಗಿ ಕಟ್ಟುತ್ತದೆ. ಅನುಮಾನವೆಲ್ಲ ಬಂಧುಗಳ ಪೈಕಿಯ ಶ್ರೀದೇವಿಯ ಮೇಲೆ, ಅವಳನ್ನೇ ಕೋಣೆಯಲ್ಲಿ ಕೂಡಿಹಾಕುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಶ್ರೀದೇವಿ ನಮ್ಮ ವಿನಯಾ ಪ್ರಸಾದ್. ನಾಗವಲ್ಲಿ ತನ್ನ ಪ್ರಿಯಕರನೆಂದು ಭ್ರಮಿಸುವ ಎದುರುಮನೆಯ ಮಹಾದೇವನ್, ‘ಅಮೃತಘಳಿಗೆ’ಯ ಶ್ರೀಧರ್. ‘ಮೂಲ ಚಿತ್ರ ನಮಗೆ ಸಂಬಂಧವಿಲ್ಲದ್ದು’ ಅನ್ನುವವರು ಇವರಿಬ್ಬರನ್ನು ಗಮನಿಸಿದರೆ ಸಾಕು. ಅತ್ತ ಕನ್ನಡದಲ್ಲಿ ಆಚಾರ್ಯರ ಪಾತ್ರ ಮಾಡಿದ ಅವಿನಾಶ್ ತಮಿಳಿಗೂ ಅದೇ ಪಾತ್ರವನ್ನು ಹೊತ್ತುಕೊಂಡು ಹೋದರು.

ಭಾಷೆಯ ವಿಚಾರಕ್ಕೆ ಬಂದರೆ ಮೂವರು ನಿರ್ದೇಶಕರೂ ಜಾಣರು. ದೆವ್ವ ಯಾವಾಗಲೂ ನೆರೆಯ ನುಡಿಯಲ್ಲೇ ಮಾತಾಡಬೇಕು: ಪೂರ್ತಿ ಅಪರಿಚಿತವಾಗಬಾರದು, ಪೂರ್ತಿ ಅರ್ಥವೂ ಆಗಬಾರದು. ಮಲಯಾಳದ ನಾಗವಲ್ಲಿ ತಂಜಾವೂರಿನವಳು, ತಮಿಳು. ಕನ್ನಡ, ತಮಿಳುಗಳಲ್ಲಿ ತೆಲುಗಿನ ‘ರಾ ರಾ’. ಹಿಂದಿಯ ಮಂಜುಲಿಕಾ ಬಂಗಾಳಿ. ‘ಚಂದ್ರಮುಖಿ’ ತೆಲುಗಿಗೆ ಡಬ್ ಆದಾಗ ಇದು ಕೈಕೊಡಬೇಕಿತ್ತು, ಊರವರೂ ದೆವ್ವವೂ ಒಂದೇ ಭಾಷೆ ಆಡಿದರೆ ತಿರುವೇ ಇರುವುದಿಲ್ಲ. ಡಬ್ ಮಾಡಿದವರು ಹಾಡನ್ನೇ ತಿರುಗಿಸಿ ತಮಿಳಿನ ‘ವಾರಾಯ್’ ಮಾಡಿಬಿಟ್ಟರು. ಡಬ್ಬಿಂಗ್‌ನಲ್ಲಿ ಇಷ್ಟು ತಲೆ ಓಡಿಸಿದ್ದು ಅಪರೂಪ.

ಹಾಡಿನ ಮಟ್ಟಿಗೆ ಹಿಂದಿಯದು ಮೂಲದ ಹತ್ತಿರಕ್ಕೆ ಬರುತ್ತದೆ. ‘ಆಮಿ ಜೆ ತೋಮಾರ್’ನಲ್ಲಿ ಶ್ರೇಯಾ ಘೋಷಾಲ್ ಜೊತೆ ಹಾಡಿದ ಎಂ.ಜಿ. ಶ್ರೀಕುಮಾರ್, ಮಲಯಾಳಕ್ಕೆ ಸಂಗೀತ ಕೊಟ್ಟ ಎಂ.ಜಿ. ರಾಧಾಕೃಷ್ಣನ್ ಅವರ ತಮ್ಮ. ಅಣ್ಣ ಆಹಿರಿ ರಾಗದಲ್ಲಿ ‘ಪಳಂತಮಿಳ್’ ಕಟ್ಟಿದರು. ಆಹಿರಿ ಹಾಡಿದರೆ ಆ ದಿನ ಊಟ ಸಿಗದು ಅನ್ನುವ ನಂಬಿಕೆ ಸಂಗೀತದ ಮನೆಗಳಲ್ಲಿದೆ, ಇಂಥ ಕತೆಗೆ ಅದಕ್ಕಿಂತ ತಕ್ಕ ರಾಗ ಸಿಕ್ಕೀತೇ!

ಕೊನೆಯ ಅಳತೆ, ಕ್ಲೈಮ್ಯಾಕ್ಸಿನ ಹಲಗೆ. ಸೇಡು ತೀರಿತೆಂದು ನಾಗವಲ್ಲಿಯನ್ನು ನಂಬಿಸಲು ಮೂಲದಲ್ಲಿ ಅವಳ ಕತ್ತಿಯ ಕೆಳಗೆ ಮಲಗುವವನು ಗಂಡ ನಕುಲನ್. ಹೊಗೆ, ಬೂದಿ ಎರಚಿದ ಗಳಿಗೆಯಲ್ಲಿ ಹಲಗೆ ತಿರುಗಿ ಅವನ ಜಾಗಕ್ಕೆ ಬೊಂಬೆ ಬರುತ್ತದೆ. ಒಂದು ಕ್ಷಣ ತಡವಾದರೆ ಅವಳ ಕೈಯಿಂದಲೇ ಅವಳ ಸಂಸಾರ ಮುಗಿದಂತೆ, ಆತಂಕ ಇರುವುದು ಅಲ್ಲಿ. ಹಿಂದಿ ಈ ಜಾಡನ್ನೇ ಹಿಡಿಯಿತು. ವಾಸು ಅವರ ಎರಡೂ ಚಿತ್ರಗಳಲ್ಲಿ ರಾಜನ ಜಾಗಕ್ಕೆ ಹೀರೋನೇ ಬರುತ್ತಾನೆ, ತಮಿಳಿನಲ್ಲಿ ಕತ್ತಿಯ ಬದಲು ಪಂಜು. ನೋಡಲಿಕ್ಕೆ ಭರ್ಜರಿ. ಆದರೆ ಹೀರೋಗೆ ಏನೂ ಆಗುವುದಿಲ್ಲ ಅಂತ ಬಾಲ್ಕನಿಯ ಮಗುವಿಗೂ ಗೊತ್ತು. ‘ಆಪ್ತಮಿತ್ರ’ದಲ್ಲಿ ನನಗಿರುವ ದೊಡ್ಡ ತಕರಾರು ಇದೇ. ಹಾವಿನದು ಎರಡನೆಯದು: ಅಷ್ಟು ದೊಡ್ಡ ಹಾವನ್ನು ಸಾಕಿ, ಹರಿಸಿ, ಕತೆಗೆ ಒಂದು ಕೆಲಸವನ್ನೂ ಕೊಡದೆ ಕಳಿಸಿಬಿಟ್ಟರು. ಮನೋರೋಗದ ವಿವರಣೆ ಮುಗಿದ ಮೇಲೂ ಅದು ಯಾಕಿತ್ತು ಅನ್ನುವುದು ಉಳಿಯುತ್ತದೆ.

ಇಷ್ಟಾಗಿಯೂ ಒಂದು ಚಿತ್ರವನ್ನು ಮಾತ್ರ ನಾವು ಅಳತೆಗೋಲು ಹಿಡಿದು ನೋಡಲಾರೆವು. ಸೌಂದರ್ಯಾ ತೀರಿಕೊಂಡದ್ದು 2004ರ ಏಪ್ರಿಲ್ 17ರಂದು, ‘ಆಪ್ತಮಿತ್ರ’ ತೆರೆಗೆ ಬಂದದ್ದು ಆಗಸ್ಟ್‌ನಲ್ಲಿ. ವಿಷ್ಣು 2009ರ ಡಿಸೆಂಬರ್‌ನಲ್ಲಿ ಹೋದರು, ಇದರ ಮುಂದಿನ ಭಾಗ ‘ಆಪ್ತರಕ್ಷಕ’ ಮರುವರ್ಷ ಬಂತು.

ನೋಡುವ ಕ್ರಮ: ಕನ್ನಡದ್ದನ್ನು ಮೊದಲು, ಮಲಯಾಳದ್ದನ್ನು ಆಮೇಲೆ. ತಿರುಗಿಸಿದರೆ ‘ಆಪ್ತಮಿತ್ರ’ದ ಹಾಸ್ಯ, ಹೊಡೆದಾಟ ಎರಡೂ ಅಡ್ಡಿಯಂತೆ ಕಾಣುತ್ತವೆ. ಮಲಯಾಳದ್ದು ತಿರುವು ಗೊತ್ತಿದ್ದರೂ ಕೆಡುವುದಿಲ್ಲ. 2024ರ ಆಗಸ್ಟ್‌ನಲ್ಲಿ 4ಕೆ ಆಗಿ ಮರುಬಿಡುಗಡೆಯಾದ ಪ್ರತಿ ಸಿಕ್ಕರೆ ಅದನ್ನೇ ಹಿಡಿಯಿರಿ, ಹಳೆಯ ಮಸುಕು ಪ್ರತಿಗಳಲ್ಲಿ ಪದ್ಮನಾಭಪುರಂ ಅರಮನೆಯ ಮರದ ಕೆತ್ತನೆಯೆಲ್ಲ ಕಪ್ಪು ಕಲೆ. ಎರಡನೇ ಸಲ ನೋಡುವಾಗ ಡಾಕ್ಟರನ್ನು ಬಿಟ್ಟು ಗಂಗಾಳೊಬ್ಬಳನ್ನೇ ಗಮನಿಸಿ, ಬೀಗದ ಕೋಣೆಯ ಮಾತು ಬಂದಾಗಲೆಲ್ಲ ಅವಳು ಎತ್ತ ನೋಡುತ್ತಾಳೆ ಅಂತ.