900 ರೂಪಾಯಿ ಉಳಿಸಲು ಹೋಗಿ ಅಪ್ಪನ ಅಕೌಂಟಿಗೆ ಬೀಗ ಬಿತ್ತು

ನಾನು ಶಾರ್ಜಾದಲ್ಲಿ ಎಸಿ ಕೆಲಸ ಮಾಡುವವನು. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಒಂದೂವರೆ ಎಕರೆ ಅಡಿಕೆ ತೋಟ ಇದೆ, ಅಪ್ಪ ನೋಡಿಕೊಳ್ಳುತ್ತಾರೆ. ತಿಂಗಳಿಗೆ 2,000 ದಿರ್ಹಂ ಊರಿಗೆ ಕಳಿಸುವುದು ನನ್ನ ಲೆಕ್ಕ. ಮೂರು ವರ್ಷ ಇಲ್ಲಿನ ರೋಲಾ ಪೇಟೆಯ ಒಂದು ಮನಿ ಎಕ್ಸ್‌ಚೇಂಜಿನಿಂದಲೇ ಕಳಿಸುತ್ತಿದ್ದೆ. ಸಂಬಳದ ವಾರ ಅಲ್ಲಿ ಕ್ಯೂ ರಸ್ತೆವರೆಗೆ ಬರುತ್ತದೆ. ಫೀಸು, ಅದರ ಮೇಲೆ 5% ವ್ಯಾಟ್ ಸೇರಿ 23 ದಿರ್ಹಂ ಚಿಲ್ಲರೆ ಹೋಗುತ್ತಿತ್ತು. ಅದೇ ಹೊಟ್ಟೆ ಉರಿ.

2024ರ ಜೂನ್‌ನಲ್ಲಿ ಪಕ್ಕದ ರೂಮಿಗೆ ಬರುತ್ತಿದ್ದ ಒಬ್ಬ ಪರಿಚಯ ಆದ. ನಮ್ಮ ಕಡೆಯವನೇ, ತುಳು ಮಾತಾಡುತ್ತಿದ್ದ. ದೂರದ ಊರಲ್ಲಿ ತುಳು ಕೇಳಿದರೆ ಅರ್ಧ ನಂಬಿಕೆ ಅಲ್ಲಿಗೇ ಬಂದುಬಿಡುತ್ತದೆ, ಅಲ್ವಾ? "ಫೀಸ್ ಇಲ್ಲ ಮಾರಾಯ, ರೇಟು 20 ಪೈಸೆ ಜಾಸ್ತಿ, ಹದಿನೈದು ನಿಮಿಷದಲ್ಲಿ ಅಪ್ಪನ ಅಕೌಂಟಿಗೆ" ಅಂದ. ಇದು ಹುಂಡಿ, ಅಂದರೆ ಬ್ಯಾಂಕಿನ ದಾರಿ ಬಿಟ್ಟು ದುಡ್ಡು ದಾಟಿಸುವ ಹವಾಲಾ, ಅಂತ ನನಗೆ ಗೊತ್ತಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. "ಎಲ್ಲರೂ ಕಳಿಸುತ್ತಾರೆ" ಅಂತ ಸುಮ್ನಾದೆ. ಎಲ್ಲ ಸೇರಿ ಸಲಕ್ಕೆ 900 ರೂಪಾಯಿ ಹತ್ತಿರ ಉಳಿಯುತ್ತಿತ್ತು.

ದುಡ್ಡೇನೋ ಬರುತ್ತಿತ್ತು, ಹೇಳಿದ ಹೊತ್ತಿಗೇ. ಆದರೆ ಒಂದೇ ಸಲ ಅಲ್ಲ. ಎರಡು ಅಥವಾ ಮೂರು ತುಂಡಾಗಿ, ಬೇರೆ ಬೇರೆ ಹೆಸರಲ್ಲಿ. ಅಪ್ಪ ಪಾಸ್‌ಬುಕ್ ಎಂಟ್ರಿ ಹಾಕಿಸಿ ಬಂದು ಒಂದು ದಿನ ಫೋನ್ ಮಾಡಿದರು. "ಇದೆಂತದು ಮಗಾ, ಒಂದು ಹೆಂಗಸಿನ ಹೆಸರು, ಮತ್ತೊಂದು ಸೀರೆ ಅಂಗಡಿ ಹೆಸರು?" ನಾನು "ಅದೆಲ್ಲ ಎಕ್ಸ್‌ಚೇಂಜಿನವರದ್ದೇ ಅಪ್ಪ" ಅಂದುಬಿಟ್ಟೆ. ಆ ಒಂದು ಸುಳ್ಳು ಈಗಲೂ ಚುಚ್ಚುತ್ತದೆ. ಅವರಿಗೆ ಅವತ್ತೇ ಸಂಶಯ ಬಂದಿತ್ತು. ಬರಬೇಕಾದ ನನಗೆ ಬರಲಿಲ್ಲ.

ನವೆಂಬರ್‌ನಲ್ಲಿ ಅಡಿಕೆ ಕೊನೆ ಕೊಯ್ಯುವವರಿಗೆ ಕೊಡಲು ಅಂತ ಅಪ್ಪ ಬ್ಯಾಂಕಿಗೆ ಹೋದರು. ಕೌಂಟರಿನಲ್ಲಿ ದುಡ್ಡು ಕೊಡಲಿಲ್ಲ. ಅಕೌಂಟ್ ಫ್ರೀಜ್ ಆಗಿದೆ ಅಂದರು. ಅಪ್ಪನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮ್ಯಾನೇಜರ್ ತಿರುವನಂತಪುರದ ಕಡೆಯವರು, ಪಾಪ, ಎರಡೆರಡು ಸಲ ಹೇಳಿದರಂತೆ. ಬೇರೆ ರಾಜ್ಯದಲ್ಲಿ ಯಾರೋ ಆನ್‌ಲೈನ್ ಮೋಸಕ್ಕೆ ಸಿಕ್ಕಿ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದಾರೆ. ಅವರ ದುಡ್ಡು ಕೈ ಬದಲಾಗುತ್ತಾ ಬಂದು ಅಪ್ಪನ ಅಕೌಂಟಿಗೆ ಬಿದ್ದಿದೆ. ಎಷ್ಟು? 19,000 ರೂಪಾಯಿ. ನಾನು ಸೆಪ್ಟೆಂಬರ್‌ನಲ್ಲಿ ಕಳಿಸಿದ್ದರ ಒಂದು ತುಂಡು.

ಆದರೆ ಬೀಗ ಬಿದ್ದದ್ದು ಇಡೀ ಅಕೌಂಟಿಗೆ. ಅದರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೋಗೆ ಹಳೆ ಅಡಿಕೆ ಕೊಟ್ಟ ದುಡ್ಡೂ ಇತ್ತು. ಎರಡು ವರ್ಷ ಅಟ್ಟದಲ್ಲಿ ಇಟ್ಟು, ರೇಟು ನೋಡಿ ನೋಡಿ ಮಾರಿದ ಅಡಿಕೆ. ಒಟ್ಟು ಎರಡೂವರೆ ಲಕ್ಷದ ಮೇಲೆ. ಒಂದು ರೂಪಾಯಿ ತೆಗೆಯುವ ಹಾಗಿಲ್ಲ.

ಹುಂಡಿಯವನಿಗೆ ಫೋನ್ ಮಾಡಿದೆ. "ನಾನು ಕಳಿಸಿದ್ದೇನೆ, ನಿಂಗೆ ಬಂದಿದೆ, ಮತ್ತೆಂತ?" ಅಂದ. ಮೂರನೇ ದಿನ ನನ್ನ ನಂಬರನ್ನೇ ಬ್ಲಾಕ್ ಮಾಡಿದ.

ಇದು ಹೇಗಾಗುತ್ತದೆ ಅಂತ ಆಮೇಲೆ ಕಾಸರಗೋಡಿನ ವಕೀಲರೊಬ್ಬರು ಬಿಡಿಸಿ ಹೇಳಿದರು. ನಾವು ಕೊಟ್ಟ ದಿರ್ಹಂ ಊರಿಗೆ ಹೋಗುವುದೇ ಇಲ್ಲ. ಅದು ಇಲ್ಲೇ ಗಲ್ಫಿನಲ್ಲಿ ಉಳಿಯುತ್ತದೆ. ಊರಲ್ಲಿ ಮನೆಯವರಿಗೆ ಸಿಗುವುದು ಇನ್ಯಾರದೋ ರೂಪಾಯಿ. ಮೊದಲೆಲ್ಲ ಕುಳಲ್‌ಪಣ (ಹುಂಡಿ ದುಡ್ಡಿಗೆ ಮಲಯಾಳದ ಹೆಸರು) ಅಂದರೆ ಬೈಕಿನಲ್ಲಿ ಬಂದು ನೋಟಿನ ಕಟ್ಟು ಕೊಟ್ಟು ಹೋಗುತ್ತಿದ್ದರು. ಈಗ ಅಕೌಂಟಿಗೇ ಹಾಕುತ್ತಾರೆ. ಸೈಬರ್ ಕಳ್ಳರಿಗೆ ಕದ್ದ ರೂಪಾಯಿ ಬೇಗ ಕೈ ಬದಲಾಗಬೇಕು, ಹುಂಡಿಯವರಿಗೆ ಊರಲ್ಲಿ ಹಂಚಲು ರೂಪಾಯಿ ಬೇಕು. ಇಬ್ಬರಿಗೂ ಅನುಕೂಲ. 20 ಪೈಸೆ ಜಾಸ್ತಿ ಕೊಡಲು ಅವರಿಗೆ ಹೇಗೆ ಕಟ್ಟುತ್ತದೆ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಎಲ್ಲಿಯೋ ಯಾರೋ ಕಳಕೊಂಡ ದುಡ್ಡಿನಲ್ಲಿ ನಮ್ಮ ಮನೆಗೆ ಅಕ್ಕಿ ಬಂದಿತ್ತು.

ಇನ್ನೂ ದೊಡ್ಡ ತಲೆನೋವು ಬೇರೆ ಇತ್ತು. ಪೊಲೀಸರು ಕೇಳುವುದು ಒಂದೇ: ಈ ದುಡ್ಡು ಎಲ್ಲಿಂದ ಬಂತು, ದಾಖಲೆ ಕೊಡಿ. ನನ್ನ ಹತ್ತಿರ ಏನಿದೆ? ಒಂದು ರಸೀದಿ ಇಲ್ಲ. ವಾಟ್ಸಾಪ್‌ನಲ್ಲಿ "ಡನ್" ಅಂತ ಒಂದು ಮೆಸೇಜ್. "ಮಗ ಹುಂಡಿಯಲ್ಲಿ ಕಳಿಸಿದ" ಅಂತ ಬರೆದುಕೊಟ್ಟರೆ ಅದೇ ಇನ್ನೊಂದು ತಪ್ಪು ಒಪ್ಪಿಕೊಂಡ ಹಾಗೆ. ವಿದೇಶಿ ವಿನಿಮಯದ 1999ರ ಫೆಮಾ ಕಾಯ್ದೆಯಲ್ಲಿ ಇದಕ್ಕೆ ಮೊತ್ತದ ಮೂರು ಪಟ್ಟುವರೆಗೆ ದಂಡ ಹಾಕಬಹುದು. "ಇಲ್ಲಿ ಹವಾಲಾಗೆ ಸರ್ಕಾರದ ಲೈಸೆನ್ಸೇ ಉಂಟು" ಅಂತ ಹುಂಡಿಯವನು ಹೇಳುತ್ತಿದ್ದ. ಯುಎಇಯಲ್ಲಿ ಸೆಂಟ್ರಲ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡವರು ಇದ್ದಾರೆ, ಅದು ನಿಜ. ಆದರೆ ಊರಲ್ಲಿ ಅದು ತಪ್ಪೇ. ದುಡ್ಡು ಬೀಳುವುದು ಊರಲ್ಲಿ, ಸಿಕ್ಕಿಬೀಳುವುದು ಅಪ್ಪ.

ಕಡೆಗೆ ಅಡಿಕೆ ಬಿಲ್ಲುಗಳು ಕೈ ಹಿಡಿದವು. ಪೊಲೀಸರು ಹೇಳಿದ ಮೊತ್ತಕ್ಕೆ ಮಾತ್ರ ತಡೆ ಹಾಕಬೇಕು, ಪೂರ್ತಿ ಅಕೌಂಟಿಗಲ್ಲ ಅಂತ ಕೇರಳ ಹೈಕೋರ್ಟ್ 2023ರಲ್ಲಿ ಬ್ಯಾಂಕುಗಳಿಗೆ ಹೇಳಿತ್ತು. ವಕೀಲರು ಅದನ್ನೂ ಬಿಲ್ಲುಗಳನ್ನೂ ಹಿಡಿದು ಪತ್ರ ಬರೆದರು. ಮೂರು ತಿಂಗಳು ಹಿಡಿಯಿತು. ಆಗ 19,000 ಬಿಟ್ಟು ಉಳಿದದ್ದು ಬಿಟ್ಟುಕೊಟ್ಟರು. ಅಷ್ಟರಲ್ಲಿ ಕೊಯ್ಲಿಗೆ ಅಂತ ಸೊಸೈಟಿಯಿಂದ ಸಾಲ ಆಗಿತ್ತು, ವಕೀಲರ ಫೀಸು ಆಗಿತ್ತು. ಐದು ತಿಂಗಳಲ್ಲಿ ನಾನು ಉಳಿಸಿದ್ದು 4,500. ಲೆಕ್ಕ ನೀವೇ ಹಾಕಿ.

ಈಗ ನಾನು ಎನ್‌ಆರ್‌ಇ ಅಕೌಂಟ್, ಅಂದರೆ ಹೊರದೇಶದಲ್ಲಿ ದುಡಿದದ್ದನ್ನು ಊರಿನ ಬ್ಯಾಂಕಿನಲ್ಲಿ ಇಡುವ ಖಾತೆ, ಮಾಡಿಸಿದ್ದೇನೆ. ಬಡ್ಡಿಗೆ ಊರಲ್ಲಿ ಟ್ಯಾಕ್ಸ್ ಇಲ್ಲ. ಮೊದಲು ನನ್ನ ಹೆಸರಿಗೇ ಕಳಿಸಿ, ಅಲ್ಲಿಂದ ಅಪ್ಪನಿಗೆ ಹಾಕುತ್ತೇನೆ. ಇಲ್ಲಿಗೆ ಬಂದ ಮೇಲೆ ಊರಿನ ಹಳೆ ಉಳಿತಾಯ ಖಾತೆಯನ್ನು ಎನ್‌ಆರ್‌ಒಗೆ (ಹೊರದೇಶದಲ್ಲಿರುವವರು ಊರಿನ ಆದಾಯಕ್ಕೆ ಇಡುವ ಖಾತೆಗೆ) ಬದಲಿಸಬೇಕು ಅನ್ನುವುದೂ ನನಗೆ ಆಗಲೇ ಗೊತ್ತಾದದ್ದು. ನಮ್ಮ ರೂಮಿನ ಆರು ಜನರಲ್ಲಿ ಐವರು ಬದಲಿಸಿರಲಿಲ್ಲ. ಅಪ್ಪನ ಅಡಿಕೆ ದುಡ್ಡಿಗೆ ಬೇರೆ ಅಕೌಂಟ್, ಅದಕ್ಕೆ ನನ್ನ ಕಡೆಯಿಂದ ಏನೂ ಹೋಗುವುದಿಲ್ಲ.

ಕಡಿಮೆಗೆ ಕಳಿಸುವ ದಾರಿ ಲೈಸೆನ್ಸ್ ಇರುವವರಲ್ಲೇ ಇದೆ. ದಿರ್ಹಂ 1997ರಿಂದ ಡಾಲರಿಗೆ ಕಟ್ಟಿಹಾಕಿದೆ, ಒಂದು ಡಾಲರಿಗೆ 3.6725. ಹಾಗಾಗಿ ಅವತ್ತಿನ ಡಾಲರ್ ರೇಟನ್ನು 3.6725ರಿಂದ ಭಾಗಿಸಿದರೆ ದಿರ್ಹಂಗೆ ನಿಜವಾಗಿ ಎಷ್ಟು ಅಂತ ಫೋನಿನಲ್ಲೇ ಗೊತ್ತಾಗುತ್ತದೆ. ಆ್ಯಪಿನಲ್ಲಿ "ಫೀಸ್ ಸೊನ್ನೆ" ಅಂತ ದೊಡ್ಡದಾಗಿ ಬರೆದಿರುತ್ತಾರೆ, ರೇಟಿನಲ್ಲಿ ಹಿಡಿದಿರುತ್ತಾರೆ. ನಾನು ಈಗ ನೋಡುವುದು ಒಂದೇ ಸಾಲು: 2,000 ದಿರ್ಹಂ ಕೊಟ್ಟರೆ ಊರಲ್ಲಿ ಎಷ್ಟು ರೂಪಾಯಿ ಬೀಳುತ್ತದೆ. ಮೂರು ಕಡೆ ನೋಡಿ ಜಾಸ್ತಿ ಸಿಗುವಲ್ಲಿ ಕಳಿಸುತ್ತೇನೆ. ಹುಂಡಿಗೂ ಇದಕ್ಕೂ ಕೆಲವು ತಿಂಗಳು 300 ರೂಪಾಯಿ ಕೂಡ ವ್ಯತ್ಯಾಸ ಬರುವುದಿಲ್ಲ. ರಸೀದಿಯ ಪಿಡಿಎಫ್ ಫೋನಿನಲ್ಲೂ ಇದೆ, ತಂಗಿಯ ಮೇಲ್‌ಗೂ ಕಳಿಸುತ್ತೇನೆ.

ಈಗಾಗಲೇ ಹುಂಡಿಯಲ್ಲಿ ಕಳಿಸಿದ್ದರೆ ಮನೆಯವರ ಪಾಸ್‌ಬುಕ್ ಒಂದು ಸಲ ತರಿಸಿ ನೋಡಿ. ಗುರುತಿಲ್ಲದ ಹೆಸರು ಇದ್ದರೆ ಇನ್ನು ಆ ದಾರಿ ಬಿಡಿ. ಫ್ರೀಜ್ ಆದರೆ ಬ್ಯಾಂಕಿನಲ್ಲಿ ಜಗಳಕ್ಕೆ ನಿಲ್ಲಬೇಡಿ. ದೂರಿನ ನಂಬರ್, ಯಾವ ಠಾಣೆ, ಎಷ್ಟು ಮೊತ್ತ, ಈ ಮೂರನ್ನು ಬರೆಸಿಕೊಂಡು ವಕೀಲರ ಹತ್ತಿರ ಹೋಗಿ.

ಆ 19,000 ಇನ್ನೂ ಹಾಗೇ ನಿಂತಿದೆ. ನಮ್ಮದು ಅಂತ ಕೇಳುವ ಮುಖ ನನಗಿಲ್ಲ. ಆ ಹುಂಡಿಯವನ ಹೊಸ ನಂಬರ್ ಮಾತ್ರ ನಮ್ಮ ಬಿಲ್ಡಿಂಗಿನಲ್ಲಿ ಮತ್ತೆ ಓಡಾಡುತ್ತಿದೆಯಂತೆ. ಅದಕ್ಕೇ ಇಷ್ಟು ಬರೆದೆ.